ಅಳೆಸಿಕೊಂಡವರೂ ಅಳೆಯುವವರೂ

ದಾಂಡೇಲಿಯೆಂದೊಡನೆ ಕಾಳೀ ನದಿಯೂ ಕಾಗದದ ಕಾರ್ಖಾನೆಯೂ ನೆನಪಾಗುತ್ತವೆ. ಹಳಿಯಾಳ, ಜೋಯಿಡಾ, ಮುಂಡಗೋಡಗಳೆಂದರೆ ಕಾಡು. ಈ ಕಾಡಿನಂಚಿನ ಹಳ್ಳಿಗಳಲ್ಲಿ ತಲೆತಲಾಂತರದಿಂದ ಬಾಳುತ್ತಿರುವವರು ಸಿದ್ದಿ ಜನ. ಪೋರ್ಚುಗೀಸರು ಗುಲಾಮರನ್ನಾಗಿ ಆಫ್ರಿಕದಿಂದ ಗೋವೆಗೆ ತಂದವರಲ್ಲಿ ತಪ್ಪಿಸಿಕೊಂಡು ಘಟ್ಟ ಸೇರಿದವರ ಸಂತತಿಯವರು.

1987ರಲ್ಲಿ ಈ ಹಳ್ಳಿಗಳಿಗೆ ಅನಿರೀಕ್ಷಿತ ಭಾಗ್ಯವೊಂದು ಬಂದಿತು. ಆಗ ಕೇಂದ್ರದ ಕ್ರೀಡಾ ಖಾತೆ ಮಾರ್ಗರೆಟ್ ಆಳ್ವಾ ಅವರ ವಶದಲ್ಲಿತ್ತು. ಭಾರತ ಕ್ರೀಡಾ ಪ್ರಾಧಿಕಾರವು ವಿಶೇಷ ಪ್ರದೇಶಗಳ ಕ್ರೀಡಾ ಯೋಜನೆಯಲ್ಲಿ ಸಿದ್ದಿ ಬಾಲಕ ಬಾಲಿಕೆಯರನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಆಫ್ರಿಕ ಮೂಲದವರಾದ ಮೇಲೆ ಓಟವು ರಕ್ತದಲ್ಲಿಯೇ ಇರಬೇಕು, ಒಲಿಂಪಿಕ್ ಪದಕ ದೂರವಿಲ್ಲ ಎಂಬುದೇ ತರ್ಕ. ಕೆಲವರು ರಾಷ್ಟ್ರಮಟ್ಟದಲ್ಲಿ ಗೆದ್ದರು. ಆದರೆ 1990ರ ದಶಕದ ಆರಂಭದಲ್ಲಿಯೇ ಸಿದ್ದಿಗಳ ಆಯ್ಕೆ ನಿಂತುಹೋಯಿತು. ಕೆಲವರಿಗೆ ನೌಕರಿ ದೊರಕಿತು. ಎಷ್ಟೋ ಮಂದಿ ಹೊಲಕ್ಕೂ ಕೂಲಿಗೂ ಮರಳಿದರು.

ಸೋತದ್ದು ಮಕ್ಕಳ ಕಾಲೋ, ಹಿರಿಯರ ತರ್ಕವೋ? ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಸಿದ್ದಿಗಳಲ್ಲಿ ಆಫ್ರಿಕದ ಬಾಂಟು ಮೂಲದೊಡನೆ ಭಾರತೀಯ ಹಾಗೂ ಯೂರೋಪಿಯನ್ ಅಂಶಗಳೂ ಬೆರೆತಿವೆ. ಮೂಲವೊಂದರಿಂದಲೇ ಓಟಗಾರ ಹುಟ್ಟುವುದಿಲ್ಲ. ಅನ್ನ, ನಿದ್ರೆ, ತರಬೇತಿಯ ವರ್ಷಗಳು, ಮನೆಯ ನಿಶ್ಚಿಂತೆ ಇವೆಲ್ಲವೂ ಕೂಡಬೇಕು.

ಇಂಥ ಊಹೆಯನ್ನು ಒರೆಗೆ ಹಚ್ಚಲು ಕಲಿಸುವುದೇ ಕ್ರೀಡಾವಿಜ್ಞಾನದ ಡಾಕ್ಟರೇಟ್ ಶಿಕ್ಷಣ. ಹಳಿಯಾಳಕ್ಕೆ ಸಮೀಪದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ದೈಹಿಕ ಶಿಕ್ಷಣದ ಸಂಶೋಧನೆಗೆ ಅವಕಾಶವಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮದಂತೆ ಇದಕ್ಕೆ ಕನಿಷ್ಠ 3 ವರ್ಷ ಬೇಕು. ಪ್ರಬಂಧಕ್ಕೆ ಮೊದಲು ಸಂಶೋಧನಾ ವಿಧಾನವನ್ನೂ ನೀತಿಯನ್ನೂ ಕಲಿಯಬೇಕು. ಗಡಿಯಾರ ಹಿಡಿದು ಓಟ ಅಳೆದರೆ ಸಾಲದು. ಯಾರೊಡನೆ ಹೋಲಿಸುವುದು, ಮಗುವಿನ ಬೆಳವಣಿಗೆಯ ಹಂತ ಯಾವುದು, ರಕ್ತಹೀನತೆಯುಂಟೇ ಎಂದೂ ನೋಡಬೇಕು. ತಂದೆತಾಯಿಗಳ ಅನುಮತಿ ಬೇಕು. ವೈದ್ಯಕೀಯ ಸಂಶೋಧನಾ ಮಂಡಲಿಯ 2017ರ ಮಾರ್ಗಸೂಚಿಯಂತೆ, 7 ವರ್ಷ ತುಂಬಿದ ಮಗುವಿನ ಒಪ್ಪಿಗೆಯನ್ನೂ ಕೇಳಬೇಕು.

ಇದೇ ಶಾಸ್ತ್ರದ ಇನ್ನೊಂದು ಶಾಖೆ ಅಂಗವಿಕಲರಿಗೆ ತಕ್ಕಂತೆ ವ್ಯಾಯಾಮವನ್ನು ಹೊಂದಿಸುವುದು. ದೃಷ್ಟಿಯಿಲ್ಲದವರ ಗೋಲ್‌ಬಾಲ್ ಆಟದಲ್ಲಿ ಚೆಂಡಿನೊಳಗೆ ಗೆಜ್ಜೆ. ಅದರ ಸದ್ದೇ ಆಟಗಾರನಿಗೆ ಕಣ್ಣು. ಇಲ್ಲಿ ಆಟವೇ ಮನುಷ್ಯನಿಗೆ ಹೊಂದಿಕೊಳ್ಳುತ್ತದೆ. ಮನುಷ್ಯನನ್ನು ಆಟದ ಅಚ್ಚಿಗೆ ಬಗ್ಗಿಸುವುದಿಲ್ಲ. 1987ರ ಯೋಜನೆಗೆ ಬೇಕಾಗಿದ್ದ ಪಾಠವೂ ಇದೇ: ಮನೆಯನ್ನಗಲಿ ದೂರದ ವಸತಿಗೃಹ ಸೇರಿದ ಮಗುವಿಗೆ ಯೋಜನೆಯೇ ಹೊಂದಿಕೊಳ್ಳಬೇಕಾಗಿತ್ತು.

2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಉನ್ನತ ಶಿಕ್ಷಣದ ಮೀಸಲಾತಿಯ ಬಾಗಿಲು ತೆರೆಯಿತು. ಹಳಿಯಾಳದ ಕುಸ್ತಿಯ ಕಣದಲ್ಲಿ ಇಂದು ಸಿದ್ದಿ ಹುಡುಗಿಯರೂ ಸೆಣಸುತ್ತಾರೆ. ಅವರಲ್ಲೊಬ್ಬಳು ನಾಳೆ ಧಾರವಾಡದಲ್ಲಿ ಪ್ರಬಂಧ ಬರೆದು, ತನ್ನೂರಿನ ಮಕ್ಕಳ ಓಟವನ್ನು ತಾನೇ ಅಳೆಯುವಂತಾದರೆ, ಅಂದು ಕೇಳದೆ ಬಿಟ್ಟ ಪ್ರಶ್ನೆಗಳನ್ನು ಅವಳು ಮರೆಯಲಾರಳು.