ಕಾನೂನು ಕಾಲೇಜು: ಹೆಸರಲ್ಲ, ಹೂರಣ ನೋಡಿ

ಕೊಬ್ಬರಿ ಧಾರಣೆ ನೋಡಿಕೊಂಡು ಮಕ್ಕಳ ಓದಿನ ಲೆಕ್ಕ ಹಾಕುವ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಕುಟುಂಬಗಳಿಗೆ ಪಿಯುಸಿ ನಂತರದ ಐದು ವರ್ಷದ ಕಾನೂನು ಪದವಿ ದೊಡ್ಡ ಹೊರೆಯೇ ಸರಿ. ಹಾಗೆಂದು ದುಬಾರಿಯದೇ ಒಳ್ಳೆಯ ಕಾಲೇಜೆಂದು ನಂಬಿ ಸಾಲ ಮಾಡಬೇಕಿಲ್ಲ. ತುಮಕೂರಿನ ವಿದ್ಯೋದಯ ಕಾನೂನು ಕಾಲೇಜೂ ಬೆಂಗಳೂರಿನ ಹಲವು ಖಾಸಗಿ ಕಾಲೇಜುಗಳೂ 2009ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೇ ಸೇರಿವೆ; ಪದವಿ ಕೊಡುವುದು ಅದೇ ವಿಶ್ವವಿದ್ಯಾಲಯ. ವ್ಯತ್ಯಾಸವಿರುವುದು ಪಾಠದಲ್ಲಿ, ಗ್ರಂಥಾಲಯದಲ್ಲಿ. ಆದ್ದರಿಂದ ಭಾರತೀಯ ವಕೀಲರ ಪರಿಷತ್ತಿನ ಮಾನ್ಯತೆ ಚಾಲ್ತಿಯಲ್ಲಿದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಆಮೇಲೆ ಗ್ರಂಥಾಲಯಕ್ಕೆ ಹೋಗಿ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ ಪುಸ್ತಕಗಳು ಕಪಾಟಿನಲ್ಲಿವೆಯೇ, ಹಳೆಯ ದಂಡ ಸಂಹಿತೆಯಷ್ಟೇ ಇದೆಯೇ? ಇದೊಂದರಿಂದಲೇ ಕಾಲೇಜಿನ ಕಾಳಜಿ ತಿಳಿಯುತ್ತದೆ.

ಬೆಂಗಳೂರಿನಲ್ಲಿ ಓದಿದರೆ ಹೈಕೋರ್ಟಿನ ಒಡನಾಟ ಸಿಗುತ್ತದಲ್ಲ ಎಂಬ ಮಾತಿದೆ. ಅದು ನಿಜ. ಆದರೆ ಐದು ವರ್ಷದ ಕೋರ್ಸಿಗೆ ಪರಿಷತ್ತಿನ ನಿಯಮವೇ ಕನಿಷ್ಠ 20 ವಾರಗಳ ಇಂಟರ್ನ್‌ಶಿಪ್ ಕೇಳುತ್ತದೆ. ರಜೆಯಲ್ಲಿ ಬೆಂಗಳೂರಿಗೆ ಹೋಗಿ ಅದನ್ನು ಮುಗಿಸಬಹುದು. ಉಳಿದ ದಿನಗಳಲ್ಲಿ ತಾಲ್ಲೂಕು ನ್ಯಾಯಾಲಯದ ಜಮೀನು ವ್ಯಾಜ್ಯಗಳೂ ಒಳ್ಳೆಯ ಪಾಠವೇ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಗುರಿಯಿರುವವರು ಕ್ಲ್ಯಾಟ್ ಪ್ರವೇಶ ಪರೀಕ್ಷೆ ಬರೆಯಲಿ, ಪ್ರಯತ್ನಿಸಲಿ. ಉಳಿದವರು ಶುಲ್ಕ, ಹಾಸ್ಟೆಲ್, ಪ್ರಯಾಣ ಎಲ್ಲ ಸೇರಿಸಿ ಐದೂ ವರ್ಷದ ಖರ್ಚು ಬರೆದು ನೋಡಿ, ಚೆನ್ನಾಗಿ ಪಾಠ ನಡೆಯುವ ಹತ್ತಿರದ ಕಾಲೇಜನ್ನು ಧೈರ್ಯವಾಗಿ ಆರಿಸಿಕೊಳ್ಳಲಿ.