ಟೆಡ್ ತಲೆಯಾಡಿಸಿದಾಗ ಅಪ್ಪ ನೆನಪಾದರು

ಆಸ್ಕರ್ ಸೀಸನ್ ಬಂತೆಂದರೆ ನಮ್ಮ ಪಿ.ಜಿ.ಯಲ್ಲಿ ಒಂದು ಪದ್ಧತಿ ಇದೆ. ಯಾವ ಹೊಸ ಸಿನಿಮಾಕ್ಕೆ ಪ್ರಶಸ್ತಿ ಎಂದು ಜಗಳವಾಡಿ ಸುಸ್ತಾದ ಮೇಲೆ, ಹಿಂದೆ ಗೆದ್ದ ಹಳೆಯ ಚಿತ್ರವೊಂದನ್ನು ಎಲ್ಲರೂ ಒಟ್ಟಿಗೆ ಕೂತು ನೋಡುತ್ತೇವೆ. ಈ ಸಲ ಚೀಟಿ ಎತ್ತಿದಾಗ ಬಂದದ್ದು 1979ರ ‘ಕ್ರೇಮರ್ ವರ್ಸಸ್ ಕ್ರೇಮರ್’. ಅತ್ಯುತ್ತಮ ಚಿತ್ರ ಸೇರಿ ಐದು ಆಸ್ಕರ್ ಗೆದ್ದ ಸಿನಿಮಾ. ಪಿಯುಸಿಯಲ್ಲಿದ್ದಾಗ ಒಮ್ಮೆ ನೋಡಿದ್ದೆ.

‘ಅಕೇಲೆ ಹಮ್ ಅಕೇಲೆ ತುಮ್’ ನೋಡಿದವರಿಗೆ ಕಥೆಯ ಎಳೆ ಗೊತ್ತಿರುತ್ತದೆ. ನ್ಯೂಯಾರ್ಕ್‌ನ ಜಾಹೀರಾತು ಕಂಪನಿಯಲ್ಲಿ ಹಗಲೂ ರಾತ್ರಿ ದುಡಿಯುವ ಟೆಡ್. ಒಂದು ರಾತ್ರಿ ಹೆಂಡತಿ ಜೊಆನಾ ಪುಟ್ಟ ಮಗ ಬಿಲ್ಲಿಯನ್ನು ಬಿಟ್ಟು ಹೊರಟುಬಿಡುತ್ತಾಳೆ. ಮರುದಿನ ಬೆಳಿಗ್ಗೆ ಟೆಡ್ ಫ್ರೆಂಚ್ ಟೋಸ್ಟ್ ಮಾಡಲು ಹೋಗಿ ಅಡುಗೆಮನೆಯನ್ನೇ ರಣರಂಗ ಮಾಡುತ್ತಾನೆ, ಕೈಯನ್ನೂ ಸುಟ್ಟುಕೊಳ್ಳುತ್ತಾನೆ. ರೂಮಿನಲ್ಲಿ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಮ್ಮನಿಗೆ ಸರ್ಕಾರಿ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು. ಪೋಸ್ಟಿಂಗ್ ಆದದ್ದು ಎಂಟು ಗಂಟೆ ಬಸ್ ಪ್ರಯಾಣದ ಊರಿಗೆ. ಅಮ್ಮ ಹೋದಳು. ಅಪ್ಪ ಹಾಕಿದ ಸೊಟ್ಟ ಜಡೆ, ಗಂಟುಗಂಟಾದ ಉಪ್ಪಿಟ್ಟಿನೊಂದಿಗೆ ನಾನು ಬೆಳೆದೆ. ‘ಮಗೂನ ಬಿಟ್ಟು ಹೋಗೋಕೆ ಹೇಗೆ ಮನಸ್ಸು ಬಂತೋ’ ಎಂದು ಓಣಿಯವರು ಆಡಿಕೊಂಡದ್ದೇ ನನ್ನ ಮಾತೂ ಆಯಿತು. ಹಾಗಾಗಿ ಮೊದಲ ಸಲ ಈ ಸಿನಿಮಾ ನೋಡಿದಾಗ ಜೊಆನಾ ಮೇಲೆ ಉರಿದುಬಿದ್ದಿದ್ದೆ.

ಈ ಸಲ ಕೋರ್ಟ್ ದೃಶ್ಯದಲ್ಲಿ ಕಣ್ಣು ನಿಂತಿತು. ಜೊಆನಾ ಈಗ ಟೆಡ್‌ಗಿಂತ ಹೆಚ್ಚು ಸಂಬಳ ತರುವವಳು. ಮಗ ಬೇಕೆಂದು ಕೇಳುತ್ತಿದ್ದಾಳೆ. ಬದುಕಿನ ಬಹುಮುಖ್ಯ ಸಂಬಂಧದಲ್ಲೇ ನೀನು ಸೋತವಳಲ್ಲವೇ ಎಂದು ಟೆಡ್‌ನ ವಕೀಲ ಅವಳನ್ನು ಜಗ್ಗಾಡುತ್ತಾನೆ. ಮೆರಿಲ್ ಸ್ಟ್ರೀಪ್ ಕಣ್ಣು ತುಂಬಿಕೊಂಡು ಗಂಡನ ಕಡೆ ನೋಡುತ್ತಾರೆ. ಕೂತಲ್ಲಿಂದಲೇ ಟೆಡ್ ಮೆಲ್ಲಗೆ ತಲೆಯಾಡಿಸುತ್ತಾನೆ, ಇಲ್ಲ ಎಂದು. ಅವಳ ವಿರುದ್ಧವೇ ಕೇಸು ಆಡುತ್ತಿರುವವನು!

ಓಣಿಯವರು ಕೇಳಿದಾಗಲೆಲ್ಲ ಅಪ್ಪ ಹೇಳುತ್ತಿದ್ದುದು ಒಂದೇ: ‘ಅವಳಿಗೆ ಕೆಲಸ ಇದೆ, ನನಗೆ ಮಗಳಿದ್ದಾಳೆ.’ ಅಪ್ಪ ಎಂದೂ ಅಮ್ಮನನ್ನು ದೂರಲಿಲ್ಲ. ದೂರಿದ್ದು ನಾನು. ಅಮ್ಮ ಶನಿವಾರ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದು, ಭಾನುವಾರ ಸಂಜೆ ಮತ್ತೆ ಬಸ್ ಹತ್ತುತ್ತಿದ್ದಳು. ನಾನು ಟಾಟಾ ಮಾಡಲೂ ಹೊರಗೆ ಹೋಗುತ್ತಿರಲಿಲ್ಲ. ನನ್ನ ಇಂಜಿನಿಯರಿಂಗ್ ಫೀಸು ಕಟ್ಟಿದ್ದು ಅದೇ ಸಂಬಳ.

ಸಿನಿಮಾದ ಕೊನೆಗೆ ಅಪ್ಪ–ಮಗ ಮತ್ತೆ ಫ್ರೆಂಚ್ ಟೋಸ್ಟ್ ಮಾಡುತ್ತಾರೆ. ಮಾತಿಲ್ಲ, ಗಡಿಬಿಡಿಯಿಲ್ಲ. ಅದು ಮುಗಿಯುವಷ್ಟರಲ್ಲಿ ನಾನು ಫೋನ್ ಹಿಡಿದು ಹೊರಗೆ ಬಂದಿದ್ದೆ. ಹನ್ನೊಂದು ಗಂಟೆ ದಾಟಿತ್ತು.

‘ಏನಾಯ್ತೇ?’ ಅಮ್ಮ ಗಾಬರಿಯಾದಳು.

‘ಏನಿಲ್ಲಮ್ಮ. ಆಗೆಲ್ಲ ಭಾನುವಾರ ಬಸ್ಸಲ್ಲಿ ನಿಂಗೆ ಸೀಟ್ ಸಿಗ್ತಿತ್ತಾ?’

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಕಿಟಕಿ ಪಕ್ಕ ಸಿಕ್ಕಿದ್ರೆ ಸಾಕಿತ್ತು ಕಣೇ. ಅತ್ತಿದ್ದು ಯಾರಿಗೂ ಕಾಣ್ತಿರಲಿಲ್ಲ’ ಎಂದಳು.