ಗೋಬರ್ ಅನಿಲದ ಅಳತೆ

ಕುಪ್ಪಳ್ಳಿಯಂತಹ ಮಲೆನಾಡಿನ ಊರುಗಳಲ್ಲಿ ಕೊಟ್ಟಿಗೆಯ ಸಗಣಿಯೇ ಒಲೆಯ ಉರಿಯಾಗಬಲ್ಲುದು. ಭೂಗರ್ಭದ ನೈಸರ್ಗಿಕ ಅನಿಲಕ್ಕೆ ಬದಲಾಗಿ ನಾವು ತಯಾರಿಸಿಕೊಳ್ಳುವ ಈ ಗೋಬರ್ ಅನಿಲವನ್ನು ಅಳೆಯುವ ಬಗೆ ಹೇಗೆ?

ತೇಲುವ ಡ್ರಮ್ಮಿನ ಸ್ಥಾವರದಲ್ಲಿ, ಡ್ರಮ್ಮು ಮೇಲೇರಿದ ಎತ್ತರವನ್ನು ಅದರ ಅಡ್ಡಛೇದದ ವಿಸ್ತೀರ್ಣದಿಂದ ಗುಣಿಸಿದರೆ ಸಂಗ್ರಹವಾದ ಅನಿಲದ ಗಾತ್ರ ದೊರೆಯುತ್ತದೆ. ಒಂದು ಕಿಲೋಗ್ರಾಂ ಹಸಿ ಸಗಣಿಯಿಂದ ಸುಮಾರು 40 ಲೀಟರ್ ಅನಿಲವನ್ನು ನಿರೀಕ್ಷಿಸಬಹುದು.

ಆದರೆ ಗಾತ್ರವೊಂದೇ ಸಾಲದು. ಉರಿ ನೀಡುವುದು ಬಹುಮಟ್ಟಿಗೆ ಮೀಥೇನ್. ಅದು ಸಾಮಾನ್ಯವಾಗಿ ಶೇಕಡಾ 55ರಿಂದ 65ರಷ್ಟಿರುತ್ತದೆ. ಉಳಿದುದರಲ್ಲಿ ಹೆಚ್ಚಿನ ಪಾಲು ಉರಿಯದ ಇಂಗಾಲದ ಡೈ ಆಕ್ಸೈಡ್. ಅಳೆದ ಅನಿಲವನ್ನು ಕ್ಷಾರದ್ರಾವಣದ ಮೂಲಕ ಹಾಯಿಸಿದರೆ ಅದು ಹೀರಲ್ಪಡುತ್ತದೆ. ಉಳಿಯುವ ಗಾತ್ರವೇ ಮೀಥೇನಿನ ಅಂದಾಜು.

ಆದುದರಿಂದ ಎರಡು ಮನೆಗಳ ಡ್ರಮ್ಮುಗಳು ಸಮನಾಗಿ ಏರಿದರೂ ಅವುಗಳ ಶಾಖ ಸಮನಾಗಿರಲೇಬೇಕೆಂದಿಲ್ಲ. ಕಾಡಿನ ಸೌದೆ ಎಷ್ಟು ಉಳಿಯಿತೆಂಬ ಲೆಕ್ಕಕ್ಕೆ ಗಾತ್ರದೊಡನೆ ಗುಣದ ಅಳತೆಯೂ ಅವಶ್ಯಕ.